ಮುಯ್ಯಿ ಉಸಿರು

ಬಿಳಿ ದೀಪ ಹತ್ತಿತು.

ದಾಕ್ಷಾಯಣಿಗೆ ಮೈಯೆಲ್ಲ ಉರಿದುಹೋಯಿತು. ಹತ್ತಬೇಕಾದದ್ದು ಕೆಂಪು ದೀಪ. ಹದಿನಾರು ಹೆಂಗಸರು ಮೆಣಸಿನಕಾಯಿಯ ಘಾಟು ಕುಡಿದು, ಕೆಮ್ಮಿ ಕೆಮ್ಮಿ ಎದೆ ಹಿಡಿದುಕೊಳ್ಳುತ್ತಿದ್ದಾರೆ. ಅವರಲ್ಲಿ ಒಬ್ಬಳು ತನ್ನ ಸ್ವಂತ ನೆಗೆಣ್ಣಿ, ಗಂಡನ ಅಣ್ಣನ ಹೆಂಡತಿ. ಹಾಗಿರುವಾಗ ಈ ಕಬ್ಬಿಣದ ಡಬ್ಬಿ 'ವ್ಯತ್ಯಾಸ ಇಲ್ಲ' ಎಂದು ಬಿಳಿ ದೀಪ ಹಚ್ಚುತ್ತದೆಯೇ? ಇದರ ಬಾಯಿಗೆ ಮಣ್ಣು ಬೀಳ!

ಡಬ್ಬಿಯ ಹೆಸರು ಒರೆಗಲ್ಲು. ಅಕ್ಕಸಾಲಿಗರು ಬಂಗಾರ ಉಜ್ಜಿ ನೋಡುವ ಕಲ್ಲಿನ ಹೆಸರನ್ನು ಸರಕಾರವೇ ಇದಕ್ಕೆ ಇಟ್ಟಿತ್ತು. ಒರೆ ಕಾಯ್ದೆ ಬರುವ ಮುಂಚೆ ಕಾರ್ಖಾನೆಯ ಗಾಳಿಯ ಮೇಲೋ ಕೆರೆಯ ನೀರಿನ ಮೇಲೋ ಯಾರಾದರೂ ದೂರು ಕೊಟ್ಟರೆ ಒಬ್ಬ ಸಾಹೇಬ ಬರುತ್ತಿದ್ದ, ಚಹಾ ಕುಡಿಯುತ್ತಿದ್ದ, ಜೇಬು ತುಂಬಿಸಿಕೊಂಡು 'ಎಲ್ಲಾ ಸರಿ ಐತಿ' ಎಂದು ಬರೆದು ಹೋಗುತ್ತಿದ್ದ. ಒರೆಗಲ್ಲಿಗೆ ಜೇಬಿಲ್ಲ. ಅಳತೆಗಳನ್ನು ಅದರ ಹೊಟ್ಟೆಗೆ ಹಾಕಿದರೆ ರಾಜ್ಯದ ಮಟ್ಟದೊಂದಿಗೆ ಹೋಲಿಸಿ ಒಂದು ನಿಮಿಷದಲ್ಲಿ ದೀಪ ಹಚ್ಚುತ್ತದೆ. ಆ ದೀಪವೇ ತೀರ್ಪು, ಮೇಲೆ ಯಾರ ಸಹಿಯೂ ಬೇಕಿಲ್ಲ. ಮೂರು ವರ್ಷದ ಹಿಂದೆ ಕೆಂಗೊಪ್ಪದ ಮೆಣಸಿನಕಾಯಿ ಪೇಟೆಗೆ ಅದು ಬಂದಿಳಿದಾಗ ಜನ ಡೊಳ್ಳು ಬಾರಿಸಿ ಬರಮಾಡಿಕೊಂಡಿದ್ದರು. ಅಂದು ಅದಕ್ಕೆ ಕುಂಕುಮ ಹಚ್ಚಿ ಕಾಯಿ ಒಡೆಸಿದವಳು ದಾಕ್ಷಾಯಣಿಯೇ. ಪೇಟೆಯ ಅಳತೆ ಕೇಂದ್ರದಲ್ಲಿ ಅವಳು ಸಹಾಯಕಿ.

ಏಳನೇ ಶೆಡ್ಡಿನ ಗೋಳು ಶುರುವಾದದ್ದು ಕಳೆದ ವರ್ಷ. ಪ್ರಯೋಗಾಲಯದಲ್ಲಿ ಹುಟ್ಟಿಸಿದ 'ಜ್ವಾಲಿ' ಎಂಬ ಹೊಸ ತಳಿ ಬಂತು. ಬಣ್ಣ ನೋಡಿದರೆ ರಕ್ತ ನಾಚಬೇಕು, ಅಷ್ಟು ಕೆಂಪು. ಆದರೆ ಒಣಗಿದ ಮೇಲೆ ಅದರ ಪುಡಿ ಕಣ್ಣಿಗೇ ಕಾಣದಷ್ಟು ಸಣ್ಣಗೆ ಏಳುತ್ತಿತ್ತು, ಸೆರಗು ಕಟ್ಟಿಕೊಂಡರೂ ಒಳಗೆ ನುಗ್ಗುತ್ತಿತ್ತು. ಅದರ ತೊಟ್ಟು ಬಿಡಿಸಲು ಕೂತ ಹದಿನಾರು ಹೆಂಗಸರು, ಧೂಳು ಹೀರುವ ಗೋಡೆ ಕಟ್ಟಿಸಿ ಕೊಡಿ ಎಂದು ದೂರು ಹಾಕಿದ್ದರು. ಹೆಬ್ಬೆಟ್ಟು ಒತ್ತಿದವರಲ್ಲಿ ಮೊದಲನೆಯವಳು ನೆಗೆಣ್ಣಿ ಪಾರವ್ವ. ಒರೆಗಲ್ಲು ಒಂದು ದೂರನ್ನು ಎರಡೇ ಸಲ ನೋಡುತ್ತದೆ. ಎರಡು ಸಲವೂ ಬಿಳಿ ದೀಪ ಹತ್ತಿದರೆ ಐದು ವರ್ಷ ಆ ದೂರಿಗೆ ಬೀಗ. ಪಾರವ್ವನಿಗೆ ಐದು ವರ್ಷ ಇಲ್ಲ ಎಂದು ಡಾಕ್ಟರು ದಾಕ್ಷಾಯಣಿಯ ಕಿವಿಯಲ್ಲಿ ಹೇಳಿ ಆಗಿತ್ತು.

"ಮುಗೀತಲ್ಲ ದಾಕ್ಷಾಯಣಿ. ವ್ಯತ್ಯಾಸ ಇಲ್ಲ ಅಂತ ಬರದು ಕಳಿಸಿಬಿಡ್ರಿ," ಎಂದರು ಮುಧೋಳ ಸಾಹೇಬರು. ಕೇಂದ್ರದ ಅಧೀಕ್ಷಕರು, ನಿವೃತ್ತಿಗೆ ಎಂಟು ತಿಂಗಳು ಬಾಕಿ. ಕೆಟ್ಟವರಲ್ಲ. ಎದ್ದು ನಿಲ್ಲಬೇಕಾದ ಕೆಲಸ ಯಾವುದೂ ಅವರಿಗೆ ಸೇರದು, ಅಷ್ಟೇ.

"ಇಲ್ಲ ಅಂತ ಯಾರು ಹೇಳಿದ್ರಿ ಸರ್?"

"ಯಂತ್ರ ಹೇಳೇತಲ್ಲವಾ."

"ಯಂತ್ರಕ್ಕ ಕಂಡಿಲ್ಲ, ಅಷ್ಟ. ಕತ್ತಲ್ಯಾಗ ಸೂಜಿ ಹುಡುಕಿ ಸಿಗಲಿಲ್ಲ ಅಂದ್ರ ಮನ್ಯಾಗ ಸೂಜಿನ ಇಲ್ಲ ಅಂತ ಬರೀತೀರೇನು? ಪುರಾವೆ ಸಾಲಲಿಲ್ಲ ಅನ್ನೂದು ಬ್ಯಾರೆ, ವ್ಯತ್ಯಾಸ ಇಲ್ಲ ಅನ್ನೂದು ಬ್ಯಾರೆ. ಈ ದೀಪದ ಕೆಳಗ ಬರದಿರೋ ಎರಡು ಶಬ್ದನ ಸುಳ್ಳು ಅದಾವು!"

ಮುಧೋಳರು ಕನ್ನಡಕ ತೆಗೆದು ಒರೆಸಿಕೊಂಡರು. ಅವಳು ಯಂತ್ರದ ಹೊಟ್ಟೆಯಿಂದ ಲೆಕ್ಕದ ಹಾಳೆ ಎಳೆದು ಮೇಜಿನ ಮೇಲೆ ಹರಡಿದಳು.

ಹಾಳೆಯಲ್ಲಿ ಇದ್ದದ್ದು ಹೀಗೆ. ಪ್ರತಿ ಶೆಡ್ಡಿನ ಬಾಗಿಲಲ್ಲಿ ಒಂದು ಉಸಿರು ಕೊಳವೆ ಇರುತ್ತದೆ. ಮುಂಜಾನೆ ಕೆಲಸಕ್ಕೆ ಬಂದ ಹೆಂಗಸು ತನ್ನ ಕಾರ್ಡು ಮುಟ್ಟಿಸಿ ಜೋರಾಗಿ ಊದಬೇಕು, ಊದಿದ ಬಲ ಒಂದು ಅಂಕಿಯಾಗಿ ದಾಖಲಾಗುತ್ತದೆ. ರಾಜ್ಯದ ಹೆಂಗಸರ ಸರಾಸರಿ ಉಸಿರು ನಾಲ್ಕುನೂರು. ಏಳನೇ ಶೆಡ್ಡಿನ ಹದಿನಾರು ಉಸಿರುಗಳ ಸರಾಸರಿ ಮುನ್ನೂರ ಅರವತ್ತನಾಲ್ಕು. ಮೂವತ್ತಾರು ಕಡಿಮೆ. ಈಗ ಪ್ರಶ್ನೆ ಒಂದೇ: ಈ ಮೂವತ್ತಾರು ನಿಜವಾದ ಕೊರತೆಯೋ, ಸುಮ್ಮನೆ ಆ ದಿನದ ಏರುಪೇರೋ? ಏರುಪೇರು ಎಂಬುದೇ ಯಂತ್ರದ ಮೊದಲ ಊಹೆ. ಅದಕ್ಕೆ ಶೂನ್ಯ ಊಹೆ ಎನ್ನುತ್ತಾರೆ. ಕೊರತೆಯನ್ನು ಒಂದು ಕೋಲಿನಿಂದ ಅಳೆದು, ಕೋಲಿಗೆ ಸುಮಾರು ಎರಡು ಪಟ್ಟು ಬಂದರೆ ಮಾತ್ರ ಆ ಊಹೆಯನ್ನು ಬಿಟ್ಟು ಕೆಂಪು ದೀಪ ಹಚ್ಚಬೇಕು. ಆ ಕೋಲನ್ನು ಮಾಡುವುದು ಉಸಿರುಗಳ ಹರವಿನಿಂದ, ಅಂದರೆ ಒಬ್ಬರಿಂದೊಬ್ಬರಿಗೆ ಎಷ್ಟು ಹೆಚ್ಚುಕಡಿಮೆ ಎಂಬುದರಿಂದ. ಹರವನ್ನು ಎಣಿಕೆಯ ವರ್ಗಮೂಲದಿಂದ ಭಾಗಿಸಿದರೆ ಕೋಲು ಸಿಗುತ್ತದೆ.

ಯಂತ್ರ ಯಾರ ಹರವನ್ನು ಹಿಡಿದಿತ್ತು? ಇಡೀ ರಾಜ್ಯದ್ದು! ಹದಿನೆಂಟರ ಹುಡುಗಿ, ಎಪ್ಪತ್ತರ ಮುದುಕಿ, ಆರಡಿಯ ಪೊಲೀಸಿನವಳು, ಎಲ್ಲರನ್ನೂ ಬೆರೆಸಿದ ಹರವು ನೂರು. ಹದಿನಾರರ ವರ್ಗಮೂಲ ನಾಲ್ಕು. ನೂರನ್ನು ನಾಲ್ಕರಿಂದ ಭಾಗಿಸಿದರೆ ಇಪ್ಪತ್ತೈದರ ಕೋಲು. ಮೂವತ್ತಾರು ಆ ಕೋಲಿಗೆ ಒಂದೂವರೆಯೂ ಆಗದು.

"ಇದು ಝಡ್ ಪರೀಕ್ಷೆ ಸರ್. ಯಾರನ್ನ ಅಳೀತೀವೋ ಅವರ ಹರವು ಮೊದಲ ಖಾತ್ರಿ ಗೊತ್ತಿದ್ರ ಮಾತ್ರ ಮಾಡಬೇಕು. ಏಳನೇ ಶೆಡ್ಡಿನ ಹರವು ಯಂತ್ರಕ್ಕ ಹೆಂಗ ಗೊತ್ತು? ಎತ್ತಿಗೆ ಜ್ವರ ಬಂದ್ರ ಎಮ್ಮಿಗೆ ಬರಿ ಎಳದಂಗಾತು. ಮ್ಯಾಲ ಇದೊಂದು ನೋಡ್ರಿ. ಎರಡೂ ಬದಿ ಪರೀಕ್ಷೆ ಮಾಡೇತಿ. ಅಂದ್ರ ಘಾಟು ಕುಡದು ಇವರ ಉಸಿರು ಹೆಚ್ಚಾಗಿದ್ರೂ ಆಗಿರಬಹುದು ಅಂತ ಅರ್ಧ ಪಾಲು ತಗದಿಟ್ಟೇತಿ!"

ಮುಧೋಳರಿಗೆ ನಗು ಬಂತು. ಅವಳ ಮುಖ ನೋಡಿ ನುಂಗಿಕೊಂಡರು.

"ಹದಿನಾಲ್ಕನೇ ನಿಯಮ ಐತಿ," ಎಂದರು. "ಪರೀಕ್ಷೆ ಬದಲಿಸ್ರಿ ಅಂತ ಕಾರಣ ಬರದು ಕೊಟ್ರ ಎರಡನೇ ಸಲಕ್ಕ ಬದಲಿಸಬಹುದು. ಎಂಟು ದಿನ ಟೈಮ್ ಐತಿ, ಬರೂ ಮಂಗಳವಾರತನಾ. ಆ ದಿನ ಮುಂಜಾನಿ ಊದಿದ ಹೊಸಾ ಉಸಿರಿನ ಮ್ಯಾಲ ಒರೆಗೆ ಹಚ್ಚೂದು. ಬರಕೊಂಡು ಬರ್ರಿ, ನಾ ಒಪ್ಪತೀನಿ. ಮೂರು ವರ್ಷದಾಗ ಒಬ್ಬರೂ ಕೇಳಿಲ್ಲ ನೋಡ್ರಿ ಅದನ್ನ."

ಕೇಳಿಲ್ಲವಂತೆ. ತೊಟ್ಟು ಬಿಡಿಸುವವರು ಬಂದು ಝಡ್ ಬೇಡ, ಟಿ ಪರೀಕ್ಷೆ ಕೊಡಿ ಎಂದು ಕೇಳಬೇಕಿತ್ತೇನೋ!

ಮನೆಗೆ ಬಂದರೆ ಪಾರವ್ವ ಹಿತ್ತಲ ಕಲ್ಲಿನ ಮೇಲೆ ಕೂತು ಉರಿಯುವ ಕೈಗೆ ಹುಣಸೆಹಣ್ಣು ತಿಕ್ಕಿಕೊಳ್ಳುತ್ತಿದ್ದಳು. ನಡುನಡುವೆ ಕೆಮ್ಮು. ಆ ಕೆಮ್ಮು ಹೊಟ್ಟೆಯ ತಳದಿಂದ ಎದ್ದು ಬರುತ್ತಿತ್ತು, ಮುಗಿದ ಮೇಲೆ ಅವಳು ತುಸು ಹೊತ್ತು ಬಾಯಿ ತೆರೆದೇ ಇರುತ್ತಿದ್ದಳು. ದಾಕ್ಷಾಯಣಿ ಸೊಸೆಯಾಗಿ ಬಂದಾಗ ಪಿಯುಸಿ ಮುಗಿಸಿದ್ದಳು. 'ಹುಡುಗಿ ಶಾಣ್ಯಾ ಅದಾಳ, ಓದಲಿ, ಆಕೀ ಪಾಲಿನ ಕೆಲಸಾ ನಾ ಮಾಡತೀನಿ' ಎಂದು ಮಾವನೆದುರು ಸೆರಗು ಸಿಕ್ಕಿಸಿ ನಿಂತವಳು ಈ ಪಾರವ್ವ. ಮೂರು ವರ್ಷ ಎರಡು ಪಾಲಿನ ರೊಟ್ಟಿ ಬಡಿದಳು. ದಾಕ್ಷಾಯಣಿಗೆ ಸಂಖ್ಯಾಶಾಸ್ತ್ರದ ಡಿಗ್ರಿ ಬಂದದ್ದು ಆ ರೊಟ್ಟಿಯಿಂದ.

"ಏನಾತ ದಾಕ್ಷಿ? ಕೆಂಪು ಹತ್ತಿತೇನು?"

"ಇಲ್ಲಕ್ಕಾ. ಆದ್ರ ಬಿಡಂಗಿಲ್ಲ ನಾ. ಅದು ಹಿಡದ ಕೋಲ ತಪ್ಪೈತಿ."

ಪಾರವ್ವನಿಗೆ ತಿಳಿಯುವಂತೆ ಹೇಳಬೇಕೆಂದು ಅವಳು ಬುಟ್ಟಿಯಿಂದ ಮೆಣಸಿನಕಾಯಿ ತೆಗೆದು ನೆಲಕ್ಕೆ ಸುರಿದಳು. ಉದ್ದ, ಗಿಡ್ಡ, ಮೋಟು ಎಲ್ಲ ಬೆರೆತ ರಾಶಿಯಿಂದ ಹದಿನಾರು ಕಾಯಿ ಎತ್ತಿದರೆ, ಸರಾಸರಿಯಲ್ಲಿ ಅರ್ಧ ಬೆರಳು ಕಡಿಮೆ ಬಂದರೂ ಯಾರೂ ಹುಬ್ಬೇರಿಸುವುದಿಲ್ಲ. ಆದರೆ ಎತ್ತಿದ ಹದಿನಾರೂ ಹೆಚ್ಚುಕಡಿಮೆ ಒಂದೇ ಅಳತೆಗಿದ್ದು, ಸರಾಸರಿ ಅರ್ಧ ಬೆರಳು ಕಡಿಮೆ ಬಂದರೆ? ಆಗ ಅದು ಸುಮ್ಮನೆ ಬಂದದ್ದಲ್ಲ.

"ನಮ್ಮ ಶೆಡ್ಡಿನ ಹರವನ್ನ ನಮ್ಮ ಹದಿನಾರು ಮಂದಿಯಿಂದನ ತಗೀಬೇಕು. ಅದಕ್ಕ ಟಿ ಪರೀಕ್ಷೆ ಅಂತಾರ. ಹದಿನಾರ ಮಂದಿಯಿಂದ ಹರವು ಊಹಿಸೂದ್ರಾಗ ತಪ್ಪಾಗಬಹುದಲ್ಲ, ಅದಕ್ಕ ಅದು ಗೆರಿ ಸ್ವಲ್ಪ ಮ್ಯಾಲ ಎಳೀತೈತಿ, ಎರಡು ಇದ್ದದ್ದು ಎರಡು ಚಿಲ್ಲರಿ ಆಗತೈತಿ. ಆಗಲಿ, ಅದನ್ನೂ ದಾಟತೀವಿ. ನಿಮ್ಮ ಹರವು ಎಷ್ಟು ಗೊತ್ತೇನು? ಬರೇ ನಾಲ್ವತ್ತೆಂಟು! ನಾಲ್ಕರಿಂದ ಭಾಗಿಸಿದ್ರ ಹನ್ನೆರಡರ ಕೋಲು. ಮೂವತ್ತಾರು ಅಂದ್ರ ಮೂರು ಕೋಲು. ಕೆಂಪು ದೀಪ ಹತ್ತಲೇಬೇಕು!"

"ಅಂದ್ರ ನಾವೆಲ್ಲಾರೂ ಸಮಾಸಮಾ ಊದೀವಿ ಅಂತಾತು," ಎಂದಳು ಪಾರವ್ವ. ಹುಣಸೆಹಣ್ಣು ತಿಕ್ಕುವ ಕೈ ನಿಂತಿತ್ತು.

"ಹೌದಕ್ಕಾ, ಅದ ನಮ್ಮ ಪುಣ್ಯಾ."

ಪಾರವ್ವ ಹುಣಸೆಹಣ್ಣನ್ನು ಕಲ್ಲಿನ ಮೇಲೆಯೇ ಬಿಟ್ಟಳು. ಎದ್ದು ಒಳಗೆ ಹೋಗಿ ಹಿಟ್ಟು ನಾದಲು ಕೂತಳು. ಗೆದ್ದೆವೆಂಬ ಉಬ್ಬಿನಲ್ಲಿ ದಾಕ್ಷಾಯಣಿಯ ಕಣ್ಣಿಗೆ ಅದು ಬೀಳಲಿಲ್ಲ.

ಅರ್ಜಿ ಬರೆಯಲು ಅವಳಿಗೆ ಎರಡು ದಿನ ಹಿಡಿಯಿತು. ಹದಿನಾಲ್ಕನೇ ನಿಯಮದ ಪ್ರಕಾರ ಅರ್ಜಿಯ ಜೊತೆ ಅಳತೆಗಳ ಚುಕ್ಕಿ ಚಿತ್ರ ಇರಬೇಕು. ಚೌಕಳಿ ಹಾಳೆ ತೆಗೆದು, ಗೆರೆ ಎಳೆದು, ಒಂದೊಂದೇ ಉಸಿರಿಗೆ ಒಂದೊಂದು ಚುಕ್ಕಿ ಇಡುತ್ತ ಹೋದಳು. ಮೊದಲು ಮಾಡಬೇಕಾದ ಕೆಲಸ ಇದು. ಕಾಲೇಜಿನ ಮೊದಲ ತಿಂಗಳಲ್ಲೇ ಕಲಿಸಿದ್ದರು: ಪರೀಕ್ಷೆ ಆರಿಸುವ ಮುಂಚೆ ಅಳತೆಗಳ ಮುಖ ನೋಡು ಎಂದು. ಸಿಟ್ಟಿನಲ್ಲಿ ಅದನ್ನು ಕೊನೆಗೆ ಉಳಿಸಿದ್ದಳು.

ಹದಿನಾರನೇ ಚುಕ್ಕಿ ಇಟ್ಟವಳು ಪೆನ್ಸಿಲ್ ಕೆಳಗಿಟ್ಟಳು.

ಚುಕ್ಕಿಗಳು ಹರಡಿರಲಿಲ್ಲ, ನಾಲ್ಕು ಗುಂಪಾಗಿ ಕೂತಿದ್ದವು. ನಾಲ್ಕುನೂರ ಮೂವತ್ತರ ಆಸುಪಾಸು ನಾಲ್ಕು. ಮುನ್ನೂರ ಎಂಬತ್ತರ ಹತ್ತಿರ ನಾಲ್ಕು. ಮುನ್ನೂರ ನಲವತ್ತರಲ್ಲಿ ನಾಲ್ಕು. ಮುನ್ನೂರ ಆರರಲ್ಲಿ ನಾಲ್ಕು. ನಡುವೆಲ್ಲ ಖಾಲಿ. ಹದಿನಾರು ಎದೆಗಳು ಹೀಗೆ ಊದುವುದಿಲ್ಲ. ಹಿಂದಿನ ದಿನದ ಅಳತೆ ತೆಗೆದಳು, ಅದರ ಹಿಂದಿನ ದಿನದ್ದು ತೆಗೆದಳು. ಅದೇ ನಾಲ್ಕು ಗುಂಪು. ಮುನ್ನೂರರ ಕೆಳಗೆ ಒಂದೇ ಒಂದು ಉಸಿರಿಲ್ಲ. ಪಾರವ್ವನದು ಮುನ್ನೂರ ಎಂಬತ್ತೆರಡು. ಹಿತ್ತಲಲ್ಲಿ ಕೊಡ ನೀರು ಎತ್ತಲಾರದೆ ಗೋಡೆಗೆ ಒರಗುವ ಪಾರವ್ವನದು!

ನಾಲ್ಕೇ ಎದೆ, ಹದಿನಾರು ಹೆಸರು. ಹಾಗಾದರೆ ಮಾದರಿ ಹದಿನಾರರದ್ದಲ್ಲ, ನಾಲ್ಕರದ್ದು. ಒಂದು ಅಳತೆ ಇನ್ನೊಂದರ ನೆರಳಾಗಿರಬಾರದು ಎಂಬುದು ಈ ಪರೀಕ್ಷೆಗಳ ಬುನಾದಿ. ಅದೇ ಕುಸಿದ ಮೇಲೆ ಝಡ್ ಆದರೇನು, ಟಿ ಆದರೇನು? ನಾಲ್ಕನ್ನೇ ಇಟ್ಟುಕೊಂಡು ಲೆಕ್ಕ ಹಾಕಿದಳು. ಮೂರು ಕೋಲು ಇದ್ದದ್ದು ಒಂದೂ ಕಾಲಿನ ಮೇಲೆ ತುಸುವಾಯಿತು. ನಾಲ್ಕೇ ಅಳತೆಗೆ ದಾಟಬೇಕಾದ ಗೆರೆ ಮೂರರ ಆಚೆ. ಅವಳ ಗೆಲುವು ಗಾಳಿಗೆ ಹಾರಿತು.

ಮರುದಿನ ಮುಂಜಾನೆ ಎಂಟಕ್ಕೆ ಮುಂಚೆಯೇ ಏಳನೇ ಶೆಡ್ಡಿನ ಎದುರು ಚೀಲದ ಒಟ್ಟಿಲಿನ ಮರೆಗೆ ನಿಂತಳು. ಹೆಂಗಸರು ಒಬ್ಬೊಬ್ಬರೇ ಬಂದರು. ಬಾಗಿಲಲ್ಲಿ ಮಾಬೂಬಿ ಸೊಂಟಕ್ಕೆ ಕೈಕೊಟ್ಟು ನಿಂತಿದ್ದಳು. ಇಡೀ ಪೇಟೆಗೆ ಗಟ್ಟಿಗಿತ್ತಿ ಎಂದರೆ ಅವಳೇ, ಎರಡು ಚೀಲ ಒಟ್ಟಿಗೆ ಹೊರುವವಳು. ತನ್ನ ಕಾರ್ಡು ಮುಟ್ಟಿಸಿ ಊದಿದಳು. ಪಕ್ಕದವಳ ಕಾರ್ಡು ತೆಗೆದುಕೊಂಡು ಮುಟ್ಟಿಸಿ ಊದಿದಳು. ಮತ್ತೊಂದು, ಮತ್ತೊಂದು. ಆಮೇಲೆ ಸರಿದು ನಿಂತಳು. ಅವಳ ಜಾಗಕ್ಕೆ ಇನ್ನೊಬ್ಬಳು ಬಂದು ತನ್ನದೂ ಸೇರಿ ನಾಲ್ಕು ಊದಿದಳು. ಅವಳ ಕೈಗೆ ಕಾರ್ಡು ಕೊಟ್ಟು ಕಾಯುತ್ತಿದ್ದವರಲ್ಲಿ ಪಾರವ್ವನೂ ಇದ್ದಳು.

"ಶಭಾಷ್!" ದಾಕ್ಷಾಯಣಿ ಮರೆಯಿಂದ ಹೊರಬಂದಳು. "ಶಭಾಷ್ ನನ್ನವ್ವಗಳಿರಾ! ನಾ ಅಲ್ಲಿ ನಿಮ್ಮ ಸಲುವಾಗಿ ಸಾಹೇಬರ ಕೂಡ ಬಡದಾಡಾಕತ್ತೀನಿ, ನೀವು ಇಲ್ಲಿ ನನ್ನ ಕಾಲಬುಡಕ್ಕ ಹಾರಿ ಹಾಕಾಕತ್ತೀರಿ!"

ಎಲ್ಲರೂ ತಲೆ ತಗ್ಗಿಸಿದರು. ಮಾಬೂಬಿ ಮಾತ್ರ ತಗ್ಗಿಸಲಿಲ್ಲ.

"ಒದರಬ್ಯಾಡ್ರಿ ಅಕ್ಕಾರ. ಮುನ್ನೂರಕ್ಕಿಂತ ಕಡಿಮಿ ಊದಿದ್ರ ಆ ದಿನ ಕೆಲಸಿಲ್ಲ, ಮನಿಗೆ ಹೋಗು ಅಂತೈತಿ ಈ ಕೊಳವಿ. ತಿಂಗಳದಾಗ ಮೂರು ಸಲ ಆದ್ರ ಪಟ್ಟಿಯಿಂದ ಹೆಸರ ಹೊಡೀತಾರ. ಇವರ್ಯಾರ ಕೈಲೂ ಮುನ್ನೂರು ಆಗೂದಿಲ್ಲ. ಹೊಲದಾಗ ಒಬ್ಬರಿಗೆ ಜಡ್ಡಾದ್ರ ಇನ್ನೊಬ್ಬರು ಹೋಗಿ ಮುಯ್ಯಿ ಆಳಾಗಿ ದುಡಿಯಂಗಿಲ್ಲೇನು? ಹಂಗ ಇದು. ಮುಯ್ಯಿ ಉಸಿರು."

"ಅಲ್ರೀ, ದೂರು ಕೊಟ್ಟ ಮ್ಯಾಲಾದ್ರೂ ನಿಲ್ಲಸಬೇಕಿಲ್ಲೇನು? ಒರೆಗಲ್ಲು ನೋಡೂದು ಇದ ಉಸಿರನ್ನ!"

"ಯಾರಿಗೆ ಗೊತ್ತು ಎವ್ವಾ?" ಪಾರವ್ವ ಮುಂದೆ ಬಂದಳು. "ಒರೆಗಲ್ಲು ಬಂದು ಶೆಡ್ಡಿನ ಘಾಟ ನೋಡತೈತಿ ಅಂದ್ಕೊಂಡಿದ್ವಿ. ನಮ್ಮ ಎದಿ ನೋಡತೈತಿ ಅಂತ ಯಾರೂ ಹೇಳಲಿಲ್ಲ. ಮೊನ್ನೆ ಸಮಾಸಮಾ ಊದಿದ್ದು ಹೌದು ಅಂತ ನೀ ಅಂದಾಗ ನನಗ ಗೊತ್ತಾತು. ಹೇಳಾಕ ಬಾಯಿ ಬರಲಿಲ್ಲ."

ಯಾರೂ ಹೇಳಲಿಲ್ಲ. ಹೇಳಬೇಕಾದವಳು ಯಾರು? ಮೂರು ವರ್ಷದ ಹಿಂದೆ ಇದೇ ಬಾಗಿಲಲ್ಲಿ ನಿಂತು, ಕಾರ್ಡು ಹೀಗೆ ಮುಟ್ಟಿಸಬೇಕು, ತುಟಿ ಹೀಗೆ ಇಡಬೇಕು ಎಂದು ಒಬ್ಬೊಬ್ಬರಿಗೂ ಕಲಿಸಿದವಳು ದಾಕ್ಷಾಯಣಿಯೇ. ನಿಮ್ಮ ಆರೋಗ್ಯದ ಸಲುವಾಗಿ ಎಂದಿದ್ದಳು. ಆ ಉಸಿರು ಎಲ್ಲೆಲ್ಲಿಗೆ ಹೋಗುತ್ತದೆ, ಅದರಿಂದ ಏನೇನು ನಿರ್ಧಾರವಾಗುತ್ತದೆ ಎಂದು ಹೇಳಿರಲಿಲ್ಲ. ನಿತ್ರಾಣದವರನ್ನು ಕಾಯಲು ಹಾಕಿದ ಬೇಲಿಯೇ ಎದ್ದು ಹೊಲ ಮೇಯುತ್ತಿತ್ತು, ಬೇಲಿ ನೆಟ್ಟವಳು ಸಂಬಳ ಎಣಿಸುತ್ತ ಕೂತಿದ್ದಳು. ಅವಳಿಗೆ ತನ್ನ ಮೇಲೇ ಹೇಸಿಗೆ ಬಂತು.

"ಈಗ ಏನಾಗತೈತಿ?" ಮಾಬೂಬಿ ಕೇಳಿದಳು. "ನಾವು ಹಿಂಗ ಊದಕೋತ ಇದ್ರ ನಿಮ್ಮ ಹೊಸಾ ಪರೀಕ್ಷೆಗೆ ಕೆಂಪು ಹತ್ತತೈತಿ ಹೌದಲ್ರಿ? ಪಾರಕ್ಕ ಹೇಳಿದ್ಲು."

"ಹತ್ತತೈತಿ. ಯಂತ್ರಕ್ಕ ಹದಿನಾರು ಹೆಸರ ಕಾಣತಾವು, ನಾಲ್ಕ ಎದಿ ಅನ್ನೂದು ಕಾಣೂದಿಲ್ಲ."

"ಮತ್ತ ಬಿಡ್ರಿ! ಸುಮ್ಮನ ಇರ್ರಿ."

"ಹತ್ತಿದ್ರ ಗ್ವಾಡಿ ಬರತೈತೇನು ದಾಕ್ಷಿ?" ಎಂದಳು ಪಾರವ್ವ.

ದೀಪ ಹತ್ತಿಸುವ ಹಟದಲ್ಲಿ ದಾಕ್ಷಾಯಣಿ ನಿಯಮದ ಎರಡನೇ ಪುಟವನ್ನು ನಿನ್ನೆಯಷ್ಟೇ ಓದಿದ್ದಳು. ವ್ಯತ್ಯಾಸ ಇದೆ ಎಂಬುದು ಒಂದು ಮಾತು, ಎಷ್ಟಿದೆ ಎಂಬುದು ಇನ್ನೊಂದು ಮಾತು. ಕೊರತೆ ಐವತ್ತರ ಒಳಗಿದ್ದರೆ ಮುಖಗವಸು. ನೂರು ದಾಟಿದರೆ ಮಾತ್ರ ಗೋಡೆ.

"ಇಲ್ಲಕ್ಕಾ. ಮೂವತ್ತಾರಕ್ಕ ಮುಖಕ್ಕ ಕಟ್ಟಕೊಳ್ಳಾಕ ಬಟ್ಟಿ ಕೊಡತಾರ."

"ಬಟ್ಟಿ!" ಪಾರವ್ವ ತನ್ನ ಸೆರಗಿನ ತುದಿ ಎತ್ತಿ ತೋರಿಸಿದಳು. ಎಷ್ಟು ಒಗೆದರೂ ಹೋಗದ ಕೆಂಪು ಅದಕ್ಕೆ ಅಂಟಿತ್ತು. "ಇದೇನು ಮತ್ತ? ಬಟ್ಟಿ ನಮ್ಮ ಹಂತೇಲಿ ಇಲ್ಲೇನು?" ಎಂದವಳಿಗೆ ಕೆಮ್ಮು ಬಂತು. ಎಲ್ಲರೂ ಅದು ಮುಗಿಯುವವರೆಗೆ ಕಾದರು. "ನಮ್ಮ ನಮ್ಮ ಉಸಿರು ನಾವು ಊದಿದ್ರ?"

"ಆಗ ಯಾವ ಪರೀಕ್ಷೆ ಆರಿಸಬೇಕಂತ ನಾ ತಲಿ ಕೆಡಿಸ್ಕೊಳ್ಳೂದ ಬ್ಯಾಡ," ಎಂದಳು ದಾಕ್ಷಾಯಣಿ. "ನಾಲ್ಕುನೂರು ಅಂದ್ರ ನಡುವಿನ ಗೆರಿ ಅಂತ ತಿಳೀರಿ. ಘಾಟಿನ ತಪ್ಪು ಇಲ್ಲಂದ್ರ ಅರ್ಧ ಮಂದಿ ಮ್ಯಾಲ, ಅರ್ಧ ಮಂದಿ ಕೆಳಗ ಇರಬೇಕು, ನಾಣ್ಯ ಚಿಮ್ಮಿದಂಗ. ಹದಿನಾರು ಸಲ ಚಿಮ್ಮಿ ಹದಿನೈದು ಸಲ ಒಂದ ಮುಖ ಬಿದ್ರ ಏನಂತೀರಿ?"

"ನಾಣ್ಯ ಖೊಟ್ಟಿ ಐತಿ ಅಂತೀವಿ," ಎಂದಳು ಹಿಂದಿನಿಂದ ಒಬ್ಬಳು.

"ಅಷ್ಟ. ಇದೂ ಒಂದು ಪರೀಕ್ಷೆನ, ಹೆಚ್ಚು ಕಡಿಮಿ ಚಿಹ್ನೆ ಎಣಿಸೂದು. ಡಿಗ್ರಿ ಬೇಕಾಗಿಲ್ಲ ಇದಕ್ಕ. ಆದ್ರ..." ಮುಂದಿನದು ಹೇಳಲು ಅವಳಿಗೆ ಕಷ್ಟವಾಯಿತು. "ಆದ್ರ ಅವತ್ತ ಕೊಳವಿ ಹನ್ನೆರಡು ಮಂದಿನ್ನ ಹೊರಗ ಕಳಸತೈತಿ. ಗ್ವಾಡಿ ಕಟ್ಟಾಕ ಮೂರು ತಿಂಗಳು. ಅದಕ್ಕೂ ಮೊದಲ, ಮೂರ ದಿನಕ್ಕ ಪಟ್ಟಿಯಿಂದ ಹೆಸರ ಹೋಗತಾವು."

ಒಳಗೆ ಜ್ವಾಲಿಯ ರಾಶಿ ಕಾಯುತ್ತಿತ್ತು. ಮೇಸ್ತ್ರಿ ಸೀಟಿ ಊದಿದ. ಪಾರವ್ವ ಸೆರಗು ಮೂಗಿಗೆ ಕಟ್ಟಿಕೊಳ್ಳುತ್ತ, "ಮಂಗಳವಾರಕ್ಕಿನ್ನ ಐದು ದಿನ ಐತಿ, ಮಾತಾಡತೀವಿ ತಗೊ," ಎಂದು ಒಳಗೆ ಹೋದಳು.

ಐದು ದಿನ ಮನೆಯಲ್ಲಿ ಇಬ್ಬರೂ ಆ ಮಾತು ಎತ್ತಲಿಲ್ಲ. ಒಬ್ಬಳು ರೊಟ್ಟಿ ಬಡಿದಳು, ಇನ್ನೊಬ್ಬಳು ಬೇಯಿಸಿದಳು. ಅರ್ಜಿ ದಾಕ್ಷಾಯಣಿಯ ಚೀಲದಲ್ಲೇ ಇತ್ತು. ಕೊಟ್ಟರೆ ಕೆಂಪು ದೀಪ ಗ್ಯಾರಂಟಿ, ಸುಳ್ಳು ಕೆಂಪು. ಜ್ವಾಲಿಯ ಮಾಲೀಕರ ಕಡೆಯ ವಕೀಲನಿಗೂ ಚುಕ್ಕಿ ಇಡಲು ಬರುತ್ತದೆ. ಅವನು ಆ ನಾಲ್ಕು ಗುಂಪು ಕಂಡ ದಿನ ಹದಿನಾರು ಮಂದಿಯೂ ಮೋಸಗಾತಿಯರಾಗುತ್ತಾರೆ. ಕೊಡದಿದ್ದರೆ, ಅವರು ಹಿಂದಿನಂತೆಯೇ ಊದಿದರೆ, ಬಿಳಿ ದೀಪ ಮತ್ತು ಐದು ವರ್ಷದ ಬೀಗ. ಪಾರವ್ವನ ಕೆಮ್ಮು ಕೇಳುತ್ತ ಅವಳು ಹಲ್ಲು ಕಚ್ಚಿಕೊಂಡು ಮಲಗುತ್ತಿದ್ದಳು.

ಮಂಗಳವಾರ ಎಂಟು ಗಂಟೆ. ಕೇಂದ್ರದ ಕೋಣೆಯಲ್ಲಿ ಏಳನೇ ಶೆಡ್ಡಿನ ಉಸಿರುಗಳು ಒಂದೊಂದಾಗಿ ಪರದೆಗೆ ಬರತೊಡಗಿದವು. ಮೊದಲನೆಯದು ನಾಲ್ಕುನೂರ ಇಪ್ಪತ್ತೊಂಬತ್ತು. ಮಾಬೂಬಿ. ದಾಕ್ಷಾಯಣಿ ಉಸಿರು ಬಿಗಿಹಿಡಿದಳು. ಮುಂದಿನದೂ ಅಷ್ಟೇ ಬಂದರೆ ಮುಗಿಯಿತು.

ಇನ್ನೂರ ಐವತ್ತೆಂಟು.

ಇನ್ನೂರ ಮೂವತ್ತೊಂದು. ಇನ್ನೂರ ಎಪ್ಪತ್ತು. ಮುನ್ನೂರ ಎಂಬತ್ತು. ಇನ್ನೂರ ಹನ್ನೆರಡು. ಮುಧೋಳ ಸಾಹೇಬರು ಚಹಾದ ಕಪ್ಪು ಕೆಳಗಿಟ್ಟು ಎದ್ದು ನಿಂತರು. ಅವರು ಎದ್ದು ನಿಂತದ್ದನ್ನು ದಾಕ್ಷಾಯಣಿ ಅಂದೇ ಕಂಡದ್ದು.

ಕೊನೆಯ ಹೆಸರು ಪಾರವ್ವ. ಪರದೆ ತುಸು ಹೊತ್ತು ಖಾಲಿ ಇತ್ತು. ಕೆಮ್ಮು ನಿಲ್ಲಲಿ ಎಂದು ಕಾಯುತ್ತಿರಬೇಕು. ಆಮೇಲೆ ಬಂತು: ನೂರ ಐವತ್ತಾರು.

ಇಷ್ಟು ಕಡಿಮೆ ಎಂದು ಅವಳಿಗೂ ಗೊತ್ತಿರಲಿಲ್ಲ. ಒಂದೇ ಸೂರಿನಡಿ ಇದ್ದು, ದಿನಾ ಆ ಕೈಯ ರೊಟ್ಟಿ ತಿಂದು, ಗೊತ್ತಿರಲಿಲ್ಲ. ಕಣ್ಣು ತುಂಬಿ ಬಂತು, ಅದರ ಹಿಂದೆಯೇ ಕೆಂಡದಂಥ ಸಿಟ್ಟು ಬಂತು.

"ಅರ್ಜಿ ಎಲ್ಲಿ ಐತಿ ದಾಕ್ಷಾಯಣಿ? ಟಿ ಪರೀಕ್ಷೆ ಹಾಕೂಣು," ಎಂದರು ಮುಧೋಳರು. ದನಿ ಸಣ್ಣದಾಗಿತ್ತು.

"ಬ್ಯಾಡ್ರಿ. ನಿಮ್ಮ ಹಳೇ ಝಡ್ಡನ ಇರಲಿ. ನಿಮ್ಮ ಕೋಲ್ಲೇನ ಅಳೀರಿ."

ಸರಾಸರಿ ಇನ್ನೂರ ಅರವತ್ತೈದು. ಕೊರತೆ ನೂರ ಮೂವತ್ತೈದು. ಆ ಇಪ್ಪತ್ತೈದರ ದಡ್ಡ ಕೋಲಿಗೂ ಐದು ಪಟ್ಟಿನ ಮೇಲೆ. ಹದಿನಾರರಲ್ಲಿ ಹದಿನೈದು ಗೆರೆಯ ಕೆಳಗೆ. ಒರೆಗಲ್ಲು ಒಂದು ನಿಮಿಷವನ್ನೂ ತೆಗೆದುಕೊಳ್ಳಲಿಲ್ಲ. ಕೆಂಪು ದೀಪ ಹತ್ತಿತು.

"ಗೆದ್ರಲ್ಲವಾ! ಗ್ವಾಡಿ ಬಂತು!" ಎಂದರು ಮುಧೋಳರು.

ಅವಳು ಕಿಟಕಿಯಿಂದ ಹೊರಗೆ ನೋಡುತ್ತಿದ್ದಳು. ಏಳನೇ ಶೆಡ್ಡಿನ ಕೊಳವೆ ಹನ್ನೆರಡು ಚೀಟಿ ಉಗುಳಿತ್ತು, 'ಇಂದು ಕೆಲಸವಿಲ್ಲ' ಎಂದು. ಹನ್ನೆರಡು ಹೆಂಗಸರು ಚೀಟಿ ಹಿಡಿದು ಹೊರಗಿನ ಕಟ್ಟೆಯ ಮೇಲೆ ಸಾಲಾಗಿ ಕೂತಿದ್ದರು. ಮೇಸ್ತ್ರಿ ಸಾಲಿನ ತುದಿಗೆ ಕೂತ ಮಾಬೂಬಿಯ ಎದುರು ನಿಂತು ಕೈ ಬೀಸುತ್ತಿದ್ದ.

"ನಿಂದು ಸರಿ ಐತಲ್ಲ, ನೀ ಯಾಕ ಕುಂತಿ? ಒಳಗ ನಡಿ!"

"ಒಲ್ಲೆ," ಎಂದಳು ಮಾಬೂಬಿ. ಪೇಟೆಯ ಆ ತುದಿಗೂ ಕೇಳುವಂಥ ಗಂಟಲು. "ಇವರೆಲ್ಲಾರ ಉಸಿರು ಇಷ್ಟು ದಿನಾ ನಾವು ನಾಲ್ಕು ಮಂದಿ ಊದೀವಿ. ಇವತ್ತ ಇವರ ಜೋಡಿ ನಾ ಕುಂದರತೀನಿ. ಇದೂ ಮುಯ್ಯಿನ." ಉಳಿದ ಮೂವರೂ ಬಂದು ಅವಳ ಪಕ್ಕ ಕೂತರು. ಮೇಸ್ತ್ರಿ ಜ್ವಾಲಿಯ ರಾಶಿ ನೋಡಿದ, ಖಾಲಿ ಶೆಡ್ಡು ನೋಡಿದ, ಯಾರಿಗೋ ಫೋನು ಹಚ್ಚಿದ.

ದಾಕ್ಷಾಯಣಿ ಚೀಲದಿಂದ ಅರ್ಜಿ ತೆಗೆದಳು. ಟಿ ಪರೀಕ್ಷೆಯ ಲೆಕ್ಕದ ಮೇಲೆ ಅಡ್ಡ ಗೆರೆ ಎಳೆದು, ಹಾಳೆ ಮಗುಚಿ, ಹಿಂದಿನ ಖಾಲಿ ಬದಿಯಲ್ಲಿ ಎರಡೇ ಸಾಲು ಬರೆದು ಮುಧೋಳರ ಮುಂದಿಟ್ಟಳು. ಅವರು ಗಟ್ಟಿಯಾಗಿ ಓದಿದರು: "ಉಸಿರು ಕಡಿಮೆಯಾಗಿದೆ ಎಂದು ತೋರಿಸಿದವರ ಕೂಲಿ ಕಸಿಯುವುದನ್ನು ಇಂದೇ ನಿಲ್ಲಿಸಬೇಕು. ಕೊಳವೆ ರೋಗ ತೋರಿಸಲಿ, ರೋಗಿಯ ಅನ್ನ ಕಿತ್ತುಕೊಳ್ಳುವುದು ಬೇಡ."

"ಇದು ಹೊಸಾ ದೂರು ಆತಲ್ಲ," ಎಂದು ಅವರು ತಲೆ ಕೆರೆದುಕೊಂಡರು. "ಇದಕ್ಕ ಯಾವ ಪರೀಕ್ಷೆ ಅಂತ ಬರೀಲಿ?"

"ಯಾವುದೂ ಬ್ಯಾಡ್ರಿ."

"ಫಾರ್ಮಿನ್ಯಾಗ ಕೇಳತೈತಿ ಎವ್ವಾ. ಮಾದರಿ ಎಷ್ಟು ಅಂತಾದ್ರೂ ಬರೀಬೇಕು."

"ಹದಿನಾರು," ಎಂದಳು ದಾಕ್ಷಾಯಣಿ. ಬಾಗಿಲು ಪೂರ್ತಿ ತೆರೆದು ಹಿಡಿದಳು. "ಹೊರಗ ಕುಂತಾರ. ಬಂದು ಎಣಿಸ್ಕೊಳ್ರಿ."